ಹಿಂಬರಹ

ಸರ್ಕಾರಿ ಕಚೇರಿಯೊಂದರಲ್ಲಿ ನಾನು ಮೊದಲ ಸಲ ಸಹಿ ಮಾಡಿದ್ದು 2009ರಲ್ಲಿ, ಅಪ್ಪ ತೀರಿಕೊಂಡ ಐದನೆಯ ತಿಂಗಳಿಗೆ. ತವರಿನಿಂದ ಅಣ್ಣಂದಿರಿಬ್ಬರೂ ಹಿಂದಿನ ದಿನವೇ ಬಂದು ಕರೆದುಕೊಂಡು ಹೋಗಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಬಾಂಡ್ ರೈಟರ್ ಬರೆದಿಟ್ಟಿದ್ದ ನಾಲ್ಕು ಹಾಳೆಗಳ ಪತ್ರವನ್ನು ನಾನು ಓದಲಿಲ್ಲ. ಪಿಯುಸಿ ಮುಗಿಸಿದ್ದ ನನಗೆ ಓದಲು ಬರುತ್ತಿರಲಿಲ್ಲವೆಂದಲ್ಲ. ಒಡಹುಟ್ಟಿದವರು ತಂದ ಕಾಗದವನ್ನು ಅವರ ಎದುರಿಗೇ ಓದತೊಡಗಿದರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆಂಬ ಸಂಕೋಚ. ಅವರು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ, ಕ್ಯಾಮೆರಾದ ಮುಂದೆ ಕುಳಿತೆ. ಮಧ್ಯಾಹ್ನ ಖಾನಾವಳಿಯಲ್ಲಿ ಊಟ ಮಾಡಿಸಿ, ಒಂದು ಇಳಕಲ್ ಸೀರೆ ಕೊಡಿಸಿ, ಸಂಜೆಯ ಬಸ್ಸಿಗೆ ಹತ್ತಿಸಿದರು. ಆರು ಎಕರೆ ಎರೆಹೊಲದಲ್ಲಿ ನನಗಿದ್ದ ಪಾಲನ್ನು ಆ ದಿನ ಬಿಟ್ಟುಕೊಟ್ಟು ಬಂದಿದ್ದೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಎಂಟು ವರ್ಷಗಳ ನಂತರ, ಧಾರವಾಡದ ಒಂದು ಸಭಾಂಗಣದಲ್ಲಿ ನಲವತ್ತು ಹೆಣ್ಣುಮಕ್ಕಳ ನಡುವೆ ಕುಳಿತಿದ್ದಾಗ. ಹೆಣ್ಣುಮಕ್ಕಳ ಹಕ್ಕಿನ ಕೆಲಸಕ್ಕೆ ನೀವು ಬಂದದ್ದು ಹೇಗೆ ಎಂದು ಕೇಳುವವರಿಗೆ ನಾನು ಈ ಸಹಿಯ ಕಥೆಯನ್ನೇ ಮೊದಲು ಹೇಳುತ್ತೇನೆ. ಆದರೆ ಅಲ್ಲಿಂದ ಇಲ್ಲಿಗೆ ನೇರ ದಾರಿ ಇರಲಿಲ್ಲ.

ನಡುವೆ ಬಂದದ್ದು ಬರಗಾಲ. ಬ್ಯಾಡಗಿ ತಾಲ್ಲೂಕಿನ ನಮ್ಮ ಊರಿನ ಹೆಣ್ಣುಮಕ್ಕಳಿಗೆ ಸುಗ್ಗಿ ಮುಗಿದ ಮೇಲಿನ ಆಸರೆಯೆಂದರೆ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಕಿಲೋ ಲೆಕ್ಕದ ಕೂಲಿ, ದಿನವಿಡೀ ಘಾಟು. ಎಷ್ಟು ಸಲ ಕೈ ತೊಳೆದುಕೊಂಡು ಅನ್ನ ಕಲಸಿದರೂ ಮಗು ಮೊದಲ ತುತ್ತಿಗೇ ಖಾರವೆಂದು ಅಳುತ್ತಿತ್ತು. 2015ರಲ್ಲಿ ಮಳೆ ಕೈಕೊಟ್ಟಿತು, 2016ರಲ್ಲಿ ಮತ್ತೆ ಕೈಕೊಟ್ಟಿತು, ಆ ಕೆಲಸವೂ ಕಡಿಮೆಯಾಯಿತು. ಉದ್ಯೋಗ ಖಾತ್ರಿಯ ಚೀಟಿಗಳು ನಮ್ಮೆಲ್ಲರ ಮನೆಯಲ್ಲೂ ಇದ್ದವು, ಆದರೆ ಪಂಚಾಯಿತಿಗೆ ಹೋಗಿ ಕೇಳಿದಾಗಲೆಲ್ಲ "ಕೆಲಸ ಬಂದಾಗ ಹೇಳಿ ಕಳಸ್ತೇವಿ, ನಡೀರಿ" ಎಂಬ ಒಂದೇ ಉತ್ತರ ಸಿಗುತ್ತಿತ್ತು. ಕೂಲಿಕಾರರ ಸಂಘಟನೆಯ ಒಬ್ಬ ಹೆಣ್ಣುಮಗಳು ಹಾವೇರಿಯಿಂದ ಬಂದು ದುರ್ಗಮ್ಮನ ಗುಡಿಯ ಕಟ್ಟೆಯ ಮೇಲೆ ನಮ್ಮನ್ನು ಕೂಡಿಸಿ ಕೇಳಿದ್ದು ಇಷ್ಟೇ: "ಕೆಲಸ ಕೇಳೀರಿ ಖರೆ, ಕೇಳಿದ್ದಕ್ಕ ಕಾಗದ ಎಲ್ಲೈತ್ರಿ?"

ಕೆಲಸ ಕೇಳಲು ನಮೂನೆ 6 ಎಂಬ ಅರ್ಜಿ ಇದೆ, ಅದನ್ನು ಕೊಟ್ಟಾಗ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು, ಆ ದಿನಾಂಕದಿಂದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾಗುತ್ತದೆ, ಹಾಗಾಗಿಯೇ ಸ್ವೀಕೃತಿಯನ್ನು ಯಾರೂ ಸುಲಭಕ್ಕೆ ಕೊಡುವುದಿಲ್ಲ ಎಂದು ಆಕೆ ಬಿಡಿಸಿ ಹೇಳಿದರು. ಮರುದಿನ ಇಪ್ಪತ್ಮೂರು ಜನ ಅರ್ಜಿ ಹಿಡಿದು ಹೋದೆವು. ಕಾರಕೂನರು ಅರ್ಜಿಗಳನ್ನು ಸಂತೋಷದಿಂದಲೇ ತೆಗೆದುಕೊಂಡರು. ಸ್ವೀಕೃತಿ ಕೇಳಿದಾಗ ಮಾತ್ರ ಅವರ ಮುಖ ಬದಲಾಯಿತು. ಸಾಹೇಬರಿಲ್ಲ ಎಂದರು, ಠಸ್ಸೆ ಸಾಹೇಬರ ಕಪಾಟಿನಲ್ಲಿದೆ ಎಂದರು. ನಾವು ಜಗಲಿಯ ಮೇಲೆ ಕುಳಿತೆವು. ಯಾರೂ ಘೋಷಣೆ ಕೂಗಲಿಲ್ಲ, ನಮಗೆ ಒಂದು ಘೋಷಣೆಯೂ ಗೊತ್ತಿರಲಿಲ್ಲ. ಸಂಜೆ ಐದೂವರೆಗೆ ಕಚೇರಿಗೆ ಬೀಗ ಹಾಕುವ ಹೊತ್ತಾದಾಗ ಠಸ್ಸೆ ಮೇಜಿನ ಡ್ರಾಯರಿನಿಂದಲೇ ಹೊರಬಂತು. ಪ್ಯಾಡಿನ ಮಸಿ ಒಣಗಿಹೋಗಿತ್ತು. ಅವರು ಕುಡಿಯುವ ನೀರಿನ ಬಾಟಲಿಯಿಂದ ನಾಲ್ಕು ಹನಿ ಚಿಮುಕಿಸಿ, ಇಪ್ಪತ್ಮೂರು ಸಲ ಕುಟ್ಟಿದರು. ಮೊದಲ ಏಳೆಂಟು ಚೀಟಿಗಳ ಮೇಲೆ ಮುದ್ರೆ ಚೆನ್ನಾಗಿ ಮೂಡಿತು, ಕೊನೆಯವುಗಳ ಮೇಲೆ ನೇರಳೆ ಬಣ್ಣದ ಒಂದು ಕಲೆ ಮಾತ್ರ ಇತ್ತು. ನನ್ನದು ಆ ಕೊನೆಯವುಗಳಲ್ಲಿ ಒಂದು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಹದಿಮೂರನೆಯ ದಿನ ಬದು ಹಾಕುವ ಕೆಲಸ ಬಂತು. ಆ ವರ್ಷ ಕರ್ನಾಟಕದಲ್ಲಿ ದಿನದ ಕೂಲಿ 224 ರೂಪಾಯಿ. ಊರಿನ ಹೊಲಗಳಲ್ಲಿ ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಇನ್ನೊಂದು ದರ ಎಂಬುದನ್ನು ಸೂರ್ಯ ಮೂಡುವಷ್ಟೇ ಸಹಜವೆಂದು ತಿಳಿದಿದ್ದ ನನಗೆ, ಒಂದೇ ಹಾಜರಿ ಪಟ್ಟಿಯಲ್ಲಿ ನನ್ನ ಮತ್ತು ನಮ್ಮ ಮನೆಯವರ ಹೆಸರಿನ ಮುಂದೆ ಒಂದೇ ಮೊತ್ತವಿದ್ದುದನ್ನು ಕಂಡಾಗ ಏನೆನ್ನಿಸಿತೆಂದು ಹೇಳುವುದು ಕಷ್ಟ. ಖುಷಿಯೇನೋ ಆಯಿತು, ಅದಕ್ಕಿಂತ ಹೆಚ್ಚಾಗಿ ಇಷ್ಟು ದಿನ ಕಳೆದುಕೊಂಡದ್ದರ ಲೆಕ್ಕ ಮನಸ್ಸಿನಲ್ಲಿ ಶುರುವಾಯಿತು. ನಮ್ಮ ಮನೆಯವರು ಆ ಪಟ್ಟಿಯನ್ನು ಎರಡು ಸಲ ನೋಡಿದರು, ಏನೂ ಅನ್ನಲಿಲ್ಲ. ಮೂರು ದಿನ ಮಾತು ಕಡಿಮೆಯಾಗಿತ್ತು, ನಂತರ ಸರಿಹೋಯಿತು.

ಮನೆಯಲ್ಲಿ ನನ್ನ ಬೆನ್ನಿಗೆ ನಿಂತವರು ನಾನು ನಿರೀಕ್ಷಿಸಿರದ ವ್ಯಕ್ತಿ, ನಮ್ಮ ಅತ್ತೆ. ಅವರ ತವರು ಹಾನಗಲ್ ಕಡೆಗೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹಕ್ಕೆ ಅವರು ತಮ್ಮ ತಾಯಿಯ ಜೊತೆ ಹೋಗಿದ್ದರಂತೆ. ದನ ಮೇಯಿಸಲು, ಸೌದೆ ತರಲು ಊರವರೆಲ್ಲ ಬಳಸುತ್ತಿದ್ದ ಸಾಮೂಹಿಕ ಜಮೀನನ್ನು ಸರ್ಕಾರ ಕಂಪನಿಯೊಂದರ ನೀಲಗಿರಿ ನೆಡುತೋಪಿಗೆ ಕೊಟ್ಟಿತ್ತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಮೂವತ್ತು ವರ್ಷ ಈ ಸಂಗತಿಯನ್ನು ಅತ್ತೆ ಮನೆಯಲ್ಲಿ ಹೇಳಿರಲೇ ಇಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದರೆ, "ಯಾರೂ ಕೇಳಲಿಲ್ಲಲ್ಲ" ಎಂದರು. ನಮ್ಮ ಭಾಗದ ಇತಿಹಾಸದಲ್ಲಿ ಹೀಗೆ ಯಾರೂ ಕೇಳದೆ ಉಳಿದ ಹೆಣ್ಣುಮಕ್ಕಳು ಎಷ್ಟು ಜನರೋ. ನಮ್ಮ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ, ಅವರ ಪತ್ನಿ ಸಿದ್ದಮ್ಮನವರೂ ಜೈಲಿಗೆ ಹೋದವರೆಂಬುದು ತಿಳಿದದ್ದು ನಲವತ್ತರ ಸಮೀಪಕ್ಕೆ ಬಂದ ಮೇಲೆ.

2017ರಲ್ಲಿ ಸಂಘಟನೆಯವರು ಧಾರವಾಡದಲ್ಲಿ ಮೂರು ದಿನಗಳ ಅಧ್ಯಯನ ಶಿಬಿರಕ್ಕೆ ಕಳುಹಿಸಿದರು. ಮನೆ ಬಿಟ್ಟು ಎರಡು ರಾತ್ರಿ ಹೊರಗೆ ಉಳಿದದ್ದು, ಹೆರಿಗೆಗೆ ಹೋದದ್ದನ್ನು ಬಿಟ್ಟರೆ, ಅದೇ ಮೊದಲು. ಪ್ರೊ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದ ಊರು ಅದು. ಶಿಬಿರದಲ್ಲಿ ಹಿರಿಯರು ಆ ದಿನದ ಬಗ್ಗೆ ಮಾತನಾಡುವಾಗ ದನಿ ತಗ್ಗಿಸುತ್ತಿದ್ದರು. ಮಹಾರಾಷ್ಟ್ರದಲ್ಲಿ ಪೊಲೀಸ್ ಠಾಣೆಯೊಳಗೇ ಅತ್ಯಾಚಾರಕ್ಕೊಳಗಾದ ಆದಿವಾಸಿ ಹುಡುಗಿಯ ಪ್ರಕರಣದಲ್ಲಿ ಆರೋಪಿಗಳು ಸುಪ್ರೀಂ ಕೋರ್ಟಿನಲ್ಲಿ ಬಿಡುಗಡೆಯಾದದ್ದು, 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದದ್ದು, ದೇಶದ ತುಂಬ ಹೆಣ್ಣುಮಕ್ಕಳು ಬೀದಿಗಿಳಿದ ಮೇಲೆ 1983ರಲ್ಲಿ ಕಾನೂನು ಬದಲಾದದ್ದು, ಇವನ್ನೆಲ್ಲ ನಾನು ಮೊದಲು ಕೇಳಿದ್ದು ಅಲ್ಲಿ. ಕಾನೂನು ಮೇಲಿನಿಂದ ಉದುರುವುದಿಲ್ಲ ಎಂಬುದು ಹೊಸ ವಿಚಾರವಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ವಕೀಲರಾದ ಒಬ್ಬ ಹೆಣ್ಣುಮಗಳು ಆಸ್ತಿ ಹಕ್ಕಿನ ಬಗ್ಗೆ ಮಾತನಾಡಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತ್ತು, ಆದರೆ ಅದು ಆಗ ಮದುವೆಯಾಗಿರದವರಿಗೆ ಮಾತ್ರ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮದುವೆಯಾದ ಹೆಣ್ಣುಮಕ್ಕಳಿಗೂ ಮಗನಷ್ಟೇ ಪಾಲು ಬಂತು. ಇಷ್ಟು ಹೇಳಿ ಅವರು, ತವರಿನವರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟವರು ಕೈ ಎತ್ತಿರಿ ಎಂದರು. ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ನಾನು ಕೈ ಎತ್ತಲಿಲ್ಲ, ಏಕೆಂದರೆ ನಾನು ಬರೆದುಕೊಟ್ಟದ್ದು ಅದೇ ಎಂದು ನನಗೆ ಗೊತ್ತಿರಲಿಲ್ಲ. "ವಾರಸಾ ಮಾಡಸ್ಲಿಕ್ಕಂತ ಸಹಿ ಹಾಕ್ರಿ ಅಂದಿದ್ರ ಅದೂ ಇದ ಇರಬೌದು" ಎಂದು ಅವರು ಸೇರಿಸಿದಾಗ ನನ್ನ ಕೈ ತಾನಾಗಿ ಮೇಲೆ ಹೋಯಿತು. ನಮ್ಮ ಅಣ್ಣಂದಿರು ಕೆಟ್ಟವರೆಂದು ಆ ಹೊತ್ತಿಗೂ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆ ಸಭಾಂಗಣದಲ್ಲಿದ್ದ ಮೂವತ್ತು ಮನೆಗಳ ಅಣ್ಣಂದಿರೂ ಕೆಟ್ಟವರಾಗಿರಲು ಸಾಧ್ಯವಿಲ್ಲ. ಎಲ್ಲ ಮನೆಯಲ್ಲೂ ಒಂದೇ ಬಗೆಯ ಕಾಗದ, ಒಂದೇ ಬಗೆಯ ಸೀರೆ ಎಂದಾದ ಮೇಲೆ ಇದನ್ನು ಮನೆಯ ವಿಷಯವೆಂದು ಕರೆಯುವುದು ಹೇಗೆ? ರಾಜಕೀಯವೆಂದರೆ ಚುನಾವಣೆ, ಪಾರ್ಟಿ ಎಂದುಕೊಂಡಿದ್ದ ನಾನು ಅಂದು ರಾತ್ರಿ ಶಿಬಿರದ ಚಾಪೆಯ ಮೇಲೆ ಮಲಗಿ ಬಹಳ ಹೊತ್ತು ಎಚ್ಚರವಾಗಿದ್ದೆ.

ಊರಿಗೆ ಮರಳಿದ ಮೇಲೆ ಜನ ನನ್ನಲ್ಲಿಗೆ ಬರತೊಡಗಿದರು, ಮತ್ತು ನಾನು ದೊಡ್ಡ ತಪ್ಪೊಂದನ್ನು ಮಾಡಿದೆ. 2018ರ ಚಳಿಗಾಲದಲ್ಲಿ ಪಕ್ಕದ ಊರಿನ, ಇಪ್ಪತ್ತಾರು ವರ್ಷದ ಒಬ್ಬ ಹೆಣ್ಣುಮಗಳು ರಾತ್ರಿ ಹತ್ತರ ಮೇಲೆ ನಮ್ಮ ಬಾಗಿಲು ತಟ್ಟಿದಳು. ಎಡಗಿವಿಯ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು, ಸೊಂಟದ ಮೇಲೆ ಎರಡು ವರ್ಷದ ಕೂಸು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅತ್ತೆ ಏನೂ ಕೇಳದೆ ಒಲೆ ಹೊತ್ತಿಸಿ ನೀರು ಕಾಯಿಸಿದರು. ಬೆಳಿಗ್ಗೆ ಠಾಣೆಗೆ ಹೋದೆವು. ಹನ್ನೊಂದರಿಂದ ನಾಲ್ಕರವರೆಗೆ ಬೆಂಚಿನ ಮೇಲೆ ಕೂಡಿಸಿದರು. ಕೊನೆಗೆ ಬಂದ ಅಧಿಕಾರಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹೇಳಿ, ಹಿರಿಯರನ್ನು ಕೂಡಿಸಿ ರಾಜಿ ಮಾಡಿಕೊಳ್ಳಿ ಎಂದರು. ಆ ಗಾದೆಯನ್ನು ನಾನು ಚಿಕ್ಕಂದಿನಿಂದ ನಗುತ್ತಲೇ ಕೇಳಿದ್ದೆ. ಹೆಪ್ಪುಗಟ್ಟಿದ ರಕ್ತದ ಎದುರು ಅದನ್ನು ಕೇಳಿದ ಮೇಲೆ ನನಗೆ ಆ ನಗು ಬಂದಿಲ್ಲ. ಅಷ್ಟು ಹೊತ್ತಿಗೆ ಕಲಿತಿದ್ದ ಒಂದೇ ವಿದ್ಯೆಯನ್ನು ಬಳಸಿದೆ: "ದೂರು ತಗೊಳ್ಳೂದಿಲ್ಲ ಅಂದ್ರ ಹಾಂಗಂತ ಹಿಂಬರಹ ಬರದು ಕೊಡ್ರಿ ಸರ್." ಹಿಂಬರಹ ಕೊಡುವುದಕ್ಕಿಂತ ದೂರು ತೆಗೆದುಕೊಳ್ಳುವುದೇ ಅವರಿಗೆ ಸುಲಭವಾಗಿ ಕಂಡಿರಬೇಕು, ತೆಗೆದುಕೊಂಡರು.

ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯ ಒಳಹೊರಗನ್ನು ನಾನು ಕಲಿತದ್ದು ಆ ಪ್ರಕರಣದಲ್ಲಿ ಓಡಾಡುತ್ತ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಆಹಾರದ ಲೆಕ್ಕ ನೋಡುವ ಅದೇ ಮೇಜಿನ ಮೇಲೆ ಹೊಡೆತದ ವರದಿಯನ್ನೂ ಬರೆಯಬೇಕು. ಆ ವರದಿಯ ನಮೂನೆಯಲ್ಲಿ ದೈಹಿಕ ಹಿಂಸೆ ಮಾತ್ರವಲ್ಲ, ಬೈಗುಳ, ದುಡಿದ ಹಣ ಕಸಿದುಕೊಳ್ಳುವುದು, ಮನೆಯಿಂದ ಹೊರಹಾಕುವುದು ಎಲ್ಲಕ್ಕೂ ಬೇರೆ ಬೇರೆ ಕಲಮುಗಳಿವೆ. ಅಧಿಕಾರಿ ಒಂದೊಂದನ್ನೇ ಓದಿ ಹೇಳುತ್ತಿದ್ದಂತೆ ಆ ಹುಡುಗಿ "ಹೌದ್ರಿ" ಎನ್ನುತ್ತ ಹೋದಳು, ಆರನೆಯದಕ್ಕೋ ಏಳನೆಯದಕ್ಕೋ ಬಂದಾಗ ಆಶ್ಚರ್ಯದಿಂದ "ಇದೂ ತಪ್ಪೇನ್ರಿ?" ಎಂದಳು. ಮನೆ ಯಾರ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕಿದೆ; ವರಮಾನ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನಕ್ಕೆ 60 ದಿನದೊಳಗೆ ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ನಾವು ತಾರೀಖಿನಿಂದ ತಾರೀಖಿಗೆ ಹನ್ನೊಂದು ತಿಂಗಳು ಅಲೆದೆವು. ಆದರೂ ಮಧ್ಯಂತರ ಆದೇಶದಲ್ಲಿ ಕೂಸಿನ ಖರ್ಚಿಗೆ ತಿಂಗಳಿಗಿಷ್ಟು ಎಂದು ಆಯಿತು, ಹೊಡೆತ ನಿಂತಿತು.

ಇನ್ನು ನನ್ನ ತಪ್ಪು. ಈ ಗೆಲುವಿನ ಉಮೇದಿನಲ್ಲಿ ನಾನು ಸ್ವಸಹಾಯ ಸಂಘವೊಂದರ ಸಭೆಯಲ್ಲಿ, ಹೆಸರು ಹೇಳದೆ, ಆ ಕಥೆಯನ್ನು ವಿವರವಾಗಿ ಹೇಳಿದೆ. ಎರಡು ವರ್ಷದ ಕೂಸು, ಎಡಗಿವಿ, ರಾತ್ರಿ ಹತ್ತು ಗಂಟೆ. ಹಳ್ಳಿಗಳಲ್ಲಿ ಹೆಸರು ಹೇಳುವ ಅಗತ್ಯವಾದರೂ ಏನಿದೆ? ಒಂದು ವಾರದೊಳಗೆ ಅದು ಅವಳ ಗಂಡನ ಮನೆಗೆ, ಅಲ್ಲಿಂದ ಅವಳ ತವರಿಗೆ ತಲುಪಿತು. ಆಕೆ ನನ್ನ ಜೊತೆ ಎಂಟು ತಿಂಗಳು ಮಾತನಾಡಲಿಲ್ಲ. ಸಂತೆಯಲ್ಲಿ ಎದುರಾದರೆ ದಾರಿ ಬದಲಿಸುತ್ತಿದ್ದಳು. ಅವಳ ನೋವನ್ನು ಅವಳಿಂದ ಕೇಳಿ ಪಡೆಯದೆ ನನ್ನ ಭಾಷಣಕ್ಕೆ ಬಳಸಿಕೊಂಡೆ; ಅಣ್ಣಂದಿರು ನನ್ನ ಸಹಿ ತೆಗೆದುಕೊಂಡದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲವೆಂದು ಅನ್ನಿಸಿದ ದಿನ ಹೋಗಿ ಕ್ಷಮೆ ಕೇಳಿದೆ. ಕ್ಷಮಿಸಿದಳೋ ಇಲ್ಲವೋ, ಚಹಾ ಮಾಡಿಕೊಟ್ಟಳು. ಅಂದಿನಿಂದ ಯಾರ ವಿಷಯವನ್ನೂ, ಅದು ಗೆದ್ದದ್ದಾಗಲಿ ಸೋತದ್ದಾಗಲಿ, ಅವರು ಒಪ್ಪದೆ ಹೊರಗೆ ಆಡುವುದಿಲ್ಲ. ಇಲ್ಲಿ ಬರೆದಿರುವುದನ್ನೂ ಆಕೆಗೆ ಓದಿ ತೋರಿಸಿ, ಊರು, ವಯಸ್ಸು ಬದಲಿಸಿಯೇ ಬರೆದಿದ್ದೇನೆ.

ಸಾರಾಯಿಯ ವಿಷಯದಲ್ಲಿ ನಾವು ಸೋತೆವು, ಅದನ್ನೂ ಹೇಳಬೇಕು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಗ್ರಾಮೀಣ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ನಾನು ಹಿರಿಯೂರಿನವರೆಗೆ ನಡೆದು, ಕಾಲು ಬೊಬ್ಬೆ ಎದ್ದು ಮರಳಿದೆ. ಊರಿಗೆ ಬಂದ ಹುರುಪಿನಲ್ಲಿ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುತ್ತಿದ್ದ ಪ್ಯಾಕೆಟ್ಟುಗಳನ್ನು ಹನ್ನೆರಡು ಜನ ಸೇರಿ ಹೊರಗೆ ತಂದು ಚರಂಡಿಗೆ ಸುರಿದೆವು. ಅಂಗಡಿ ನಡೆಸುತ್ತಿದ್ದವಳು ನಮ್ಮದೇ ಸಂಘದ ಸದಸ್ಯೆ. ಗಂಡ ಮಾಲು ತರುತ್ತಿದ್ದ, ಈಕೆ ಕುಳಿತು ಮಾರುತ್ತಿದ್ದಳು, ಅದರಲ್ಲೇ ಇಬ್ಬರು ಮಕ್ಕಳ ಶಾಲೆಯ ಖರ್ಚು. ಮಾಲು ಹೋದ ಸಿಟ್ಟಿಗೆ ಅಂದು ರಾತ್ರಿ ಅವನು ಹೊಡೆದದ್ದು ಅವಳಿಗೆ. ಎರಡು ತಿಂಗಳಲ್ಲಿ ಮಾರಾಟ ಇನ್ನೊಂದು ಅಂಗಡಿಯಲ್ಲಿ ಆರಂಭವಾಯಿತು. ಪತ್ರಿಕೆಯಲ್ಲಿ ನಮ್ಮ ಫೋಟೊ ಬಂದಿತ್ತು, ಅದನ್ನು ನಾನು ಇಟ್ಟುಕೊಂಡಿಲ್ಲ.

ಅದಾದ ಮೇಲಿನ ವರ್ಷಗಳ ಕೆಲಸ ಹೆಚ್ಚಾಗಿ ಸಭೆಗಳದ್ದು, ಅರ್ಜಿಗಳದ್ದು. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾಗಿವೆ, ಆದರೆ ಮಹಿಳಾ ಗ್ರಾಮಸಭೆಯಲ್ಲಿ ಅಧ್ಯಕ್ಷೆಯನ್ನು ಕೇಳಿದ ಪ್ರಶ್ನೆಗೆ ಗೋಡೆಗೊರಗಿ ನಿಂತ ಅವರ ಗಂಡ ಉತ್ತರ ಕೊಡುತ್ತಿದ್ದರು. "ಅಣ್ಣಾರ, ನಡಾವಳಿ ಪುಸ್ತಕದಾಗ ನಿಮ್ಮ ಹೆಸರ ಬರೀಲೇನ್ರಿ?" ಎಂದು ಅತ್ತೆ ಕೇಳಿದ ಮೇಲೆ ಅವರು ಹೊರಗಿನ ಕಟ್ಟೆಗೆ ಸ್ಥಳಾಂತರಗೊಂಡರು, ಅಧ್ಯಕ್ಷೆ ಮುಂದಿನ ಸಭೆಯಿಂದ ತಾವೇ ಮಾತನಾಡತೊಡಗಿದರು, ಮೊದಮೊದಲು ತೀರಾ ಮೆಲ್ಲಗೆ. ಇನ್ನೊಂದು ಬದಲಾವಣೆಗೆ ನಾನು ಕಾರಣಳಲ್ಲ. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಆರಂಭವಾಗುವವರೆಗೆ, ಹಾವೇರಿಗೆ ಒಂದು ಅರ್ಜಿ ಕೊಡಲು ಹೋಗಬೇಕಾದರೂ ಗಂಡಸರನ್ನು ಟಿಕೆಟ್ಟಿನ ದುಡ್ಡು ಕೇಳಬೇಕಾಗಿತ್ತು, ದುಡ್ಡು ಕೇಳಿದರೆ ಕಾರಣ ಹೇಳಬೇಕಾಗಿತ್ತು. ಈಗ ಆಧಾರ್ ಕಾರ್ಡು ತೋರಿಸಿ ಹತ್ತುತ್ತಾರೆ. ಪುಕ್ಕಟೆ ಬಸ್ಸೆಂದು ಲೇವಡಿ ಮಾಡುವವರು ಒಮ್ಮೆ ನ್ಯಾಯಾಲಯದ ಆವರಣಕ್ಕೆ ಒಬ್ಬಂಟಿಯಾಗಿ ಬಂದಿಳಿಯುವ ಹೆಣ್ಣುಮಕ್ಕಳನ್ನು ನೋಡಬೇಕು. 2025ರ ಆರಂಭದಲ್ಲಿ ಕಿರುಸಾಲದ ಕಂತಿನ ಕಿರುಕುಳ ತಾಳಲಾರದೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಮಾಂಗಲ್ಯಗಳನ್ನೇ ಕಳುಹಿಸಿದಾಗಲೂ, ಫೆಬ್ರುವರಿ 12ರಂದು ಬಲವಂತದ ವಸೂಲಿಗೆ ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆ ಬಂದಾಗಲೂ, ನಾವು ಓಣಿಯಲ್ಲಿ ಮಾಡಿದ್ದು ಹಳೆಯ ಕೆಲಸವನ್ನೇ: ಕಟ್ಟಿದ ಪ್ರತಿ ಕಂತಿಗೂ ರಸೀದಿ ಇದೆಯೇ ಎಂದು ಮನೆಮನೆಗೆ ಹೋಗಿ ನೋಡಿದ್ದು.

ನನ್ನ ಪಾಲನ್ನು ನಾನು ಕೇಳಿದೆನೇ ಎಂದು ಅನೇಕರು ಕೇಳುತ್ತಾರೆ. ಕೇಳಲಿಲ್ಲ. ನೋಂದಾಯಿತ ಪತ್ರವನ್ನು ಇಷ್ಟು ವರ್ಷಗಳ ಮೇಲೆ ರದ್ದುಪಡಿಸುವುದು ಸುಲಭವಲ್ಲವೆಂದು ವಕೀಲರು ಹೇಳಿದರು, ಅದು ಅರ್ಧ ಕಾರಣ. ಇನ್ನರ್ಧ, ಶ್ರಾವಣ ಬಂದೊಡನೆ ಅಣ್ಣ ಪಂಚಮಿ ಉಂಡಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಆ ಡಬ್ಬಿ ಬರುವುದು ನಿಂತರೆ ಎಂಬ ಭಯವನ್ನು ನಾನಿನ್ನೂ ದಾಟಿಲ್ಲ. ಇದನ್ನು ಸಭೆಗಳಲ್ಲಿ ಮುಚ್ಚಿಡುವುದಿಲ್ಲ, ಕೆಲವು ಸಂಗಾತಿಗಳಿಗೆ ಅದು ಸರಿಬರುವುದಿಲ್ಲ. ನಾನು ಮಾಡಿದ್ದು ಇಷ್ಟು: ಆ ಪತ್ರದ ದೃಢೀಕೃತ ನಕಲನ್ನು ತೆಗೆಸಿ ನನ್ನ ಚೀಲದಲ್ಲಿಟ್ಟುಕೊಂಡಿದ್ದೇನೆ.

ಹೋದ ಶ್ರಾವಣದಲ್ಲಿ ನಮ್ಮ ಓಣಿಯ ಒಬ್ಬ ಸೊಸೆ ಬಂದು, ತವರಿನಿಂದ ಸಹಿಗೆ ಕರೆದಿದ್ದಾರೆ, ಏನು ಮಾಡಲಿ ಎಂದಳು. ಮಾಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ, ನಕಲನ್ನು ಕೈಗಿತ್ತೆ. ಬಾಗಿಲ ಬೆಳಕಿಗೆ ಕುಳಿತು, ಸಾಲಿನ ಕೆಳಗೆ ಬೆರಳಿಡುತ್ತ, ನಾಲ್ಕೂ ಹಾಳೆಗಳನ್ನು ಅರ್ಧ ಗಂಟೆ ಓದಿದಳು. ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿದ್ದೇನೆ ಎಂಬಲ್ಲಿ ಬೆರಳು ನಿಂತಿತು.

"ಇದನ್ನ ನೀವ ಹೇಳಿ ಬರಸಿದ್ರೇನ್ರಿ ಅಕ್ಕಾರ?"

"ಇಲ್ಲವಾ, ನಾ ಹೋಗೂದ್ರಾಗ ಬರದಿತ್ತು."

ಇದರದೊಂದು ಝೆರಾಕ್ಸ್ ತೆಗೆಸಿಕೊಳ್ಳಲೇ ಎಂದು ಕೇಳಿ, ಮರುದಿನ ಒಂಬತ್ತರ ಬಸ್ಸಿಗೆ ಬ್ಯಾಡಗಿಗೆ ಹೋಗಿ ಬಂದು ನನ್ನ ಪ್ರತಿಯನ್ನು ಮರಳಿಸಿದಳು. ಮುಂದೆ ಸಹಿ ಮಾಡಿದಳೋ ಇಲ್ಲವೋ ಆಕೆ ಹೇಳಿಲ್ಲ, ನಾನಾಗಿ ಕೇಳಿಲ್ಲ.